ಒಂದು ದೋಣಿ ಹಾಡಿನಷ್ಟು ತಂತಿ

ನಮ್ಮಪ್ಪ ಮೋಟರಿನ ತಂತಿಯ ಸುತ್ತುಗಳನ್ನು ಎಣಿಸುವುದಿಲ್ಲ, ಹಾಡುತ್ತಾನೆ.

ಸುಟ್ಟುಹೋದ ಮೋಟರುಗಳಿಗೆ ಹೊಸ ತಾಮ್ರದ ತಂತಿ ಸುತ್ತಿ ಜೀವ ಕೊಡುವುದು ನಮ್ಮ ಮನೆಯ ಕಸುಬು. ಕೆಳಗೆ ಅಂಗಡಿ, ಮೇಲೆ ಮನೆ. ಅಂಗಡಿಯ ಮೂಲೆಯ ಮೇಜಿಗೆ ಒಂದು ಕೈಯಂತ್ರ ಬಿಗಿದಿದೆ. ಅದರ ಹಿಡಿಕೆ ತಿರುಗಿಸಿದರೆ ಮರದ ಅಚ್ಚಿನ ಮೇಲೆ ತಂತಿ ಸುತ್ತಿಕೊಳ್ಳುತ್ತ ಹೋಗುತ್ತದೆ. ಹಾಗೆ ಸುತ್ತಿ ತೆಗೆದ ಸಿಂಬಿಯೇ ಕಾಯಿಲ್. ಅದರ ಸುತ್ತು ಕಡಿಮೆಯಾದರೆ ಮೋಟರು ಅತಿಯಾಗಿ ಕರೆಂಟು ಕುಡಿದು, ಗುರುಗುಟ್ಟಿ, ಮತ್ತೆ ಸುಟ್ಟುಹೋಗುತ್ತದೆ. ಬೇರೆ ಅಂಗಡಿಗಳಲ್ಲಿ ಬಾಯಲ್ಲಿ ಲೆಕ್ಕ ಹೇಳುತ್ತ ಸುತ್ತುತ್ತಾರೆ, ಇಲ್ಲವೇ ಯಂತ್ರಕ್ಕೇ ಲೆಕ್ಕದ ಮುಳ್ಳು ಇರುತ್ತದೆ. ನಮ್ಮ ಯಂತ್ರದ ಮುಳ್ಳು ನಾನು ಹುಟ್ಟುವ ಮೊದಲೇ ಮುರಿದಿತ್ತು. ಅಪ್ಪ ಅದನ್ನು ಸರಿಮಾಡಿಸಲು ಹೋಗಲಿಲ್ಲ. ಅವನಿಗೆ ದೊಡ್ಡವರ ಹಾಡುಗಳಿದ್ದವು.

ದೊಡ್ಡವರು ಎಂದರೆ ಅಪ್ಪನ ಪಾಲಿಗೆ ಭೂಮಿಯ ಮೇಲೆ ಹಾಡಿದ ಏಕೈಕ ಮನುಷ್ಯ. ಅವರು ತೀರಿಕೊಂಡು ಬಹಳ ವರ್ಷವಾದರೂ ನಮ್ಮ ಅಂಗಡಿಯಲ್ಲಿ ಅವರ ಹೆಸರು ಹಿಡಿದು ಮಾತಾಡುವಂತಿಲ್ಲ. ತಾಳದ ಒಂದು ಪೆಟ್ಟಿಗೆ ಹಿಡಿಕೆಯ ಒಂದು ಸುತ್ತು. ನೀರೆತ್ತುವ ಸಣ್ಣ ಮೋಟರಿಗೆ ಅವರ ಲಾಲಿ, ಹಿಟ್ಟಿನ ಗಿರಣಿಯದಕ್ಕೆ ಕುದುರೆ ಹಾಡು, ದೊಡ್ಡ ಫ್ಯಾನುಗಳಿಗೆ ದೋಣಿ ಹಾಡು. ಒಂದು ಕಾಯಿಲ್ ಮುಗಿದರೆ ಅಚ್ಚು ಬದಲಿಸಿ, ಅದೇ ಹಾಡು ಮೊದಲಿನಿಂದ. "ಈ ಮನೆಗೆ ಕಾಲಿಟ್ಟಾಗಿಂದ ಕೇಳ್ತಾ ಇದೀನಿ, ಆ ದೋಣಿ ದಡ ಸೇರಿದ್ದೇ ಕಾಣೆ" ಎಂದು ಅಮ್ಮ ಮೆಟ್ಟಿಲ ಮೇಲಿಂದ ಹೇಳುತ್ತಿರುತ್ತಾಳೆ.

ಮೂಗಿನಲ್ಲಿ ಹಾಡುತ್ತಿದ್ದ ದೊಡ್ಡವರು ತಂಗಿಗೆ 'ಮೂಗಿನ ತಾತ'. ಅವಳ ದೇವರು ಬೇರೆ: 'ಕೆಂಪು ಟೋಪಿ' ಎಂಬ ಬ್ಯಾಂಡು. ಅದರ ಗಾಯಕಿ ಹಾಡುವಾಗಲೂ, ಸಂದರ್ಶನಕ್ಕೆ ಕೂತಾಗಲೂ ಕೆಂಪು ಉಣ್ಣೆ ಟೋಪಿ ತೆಗೆಯುವುದಿಲ್ಲ. ಅಪ್ಪ ಅವರನ್ನು 'ತಗಡು ಬಡಿಯೋರು' ಎನ್ನುತ್ತಾನೆ. ಅಪ್ಪ ಊಟಕ್ಕೆ ಮೇಲೆ ಹೋದದ್ದೇ ತಡ, ಅಂಗಡಿಯ ಸ್ಪೀಕರಿನಲ್ಲಿ ಕೆಂಪು ಟೋಪಿ ಗುಡುಗುತ್ತಿತ್ತು. ಅಪ್ಪ ಇಳಿದು ಬರುವ ಹೆಜ್ಜೆ ಕೇಳಿದರೆ ಮತ್ತೆ ದೋಣಿ ಹಾಡು. ಅಪ್ಪನ ಕೈಕೆಲಸಕ್ಕೆ ನಿಜವಾದ ವಾರಸುದಾರಳು ತಂಗಿಯೇ. ಕಾಯಿಲನ್ನು ಮೋಟರಿನ ಹೊಟ್ಟೆಯ ಸೀಳುಗಳಿಗೆ ಇಳಿಸುವಾಗ ಅವಳ ಬೆರಳುಗಳನ್ನು ನೋಡಬೇಕು. ಒಂದು ಎಳೆಯೂ ತರಚುವುದಿಲ್ಲ. ಆದರೆ ಸುತ್ತುವ ಕೆಲಸ ಮಾತ್ರ ಅಪ್ಪ ಬಿಟ್ಟುಕೊಟ್ಟಿರಲಿಲ್ಲ. "ಮೊದ್ಲು ಹಾಡು ಕಲಿ, ಆಮೇಲೆ ಹಿಡಿಕೆ ಮುಟ್ಟು" ಎನ್ನುತ್ತಿದ್ದ. "ಆ ಹಾಡು ಕಲಿಯೋದಕ್ಕಿಂತ ಕೈ ಮುರ್ಕೊಳ್ಳೋದು ವಾಸಿ" ಎನ್ನುತ್ತಿದ್ದಳು ಅವಳು.

ನಾನು ಡಿಗ್ರಿ ಮುಗಿಸಿ, ಮುಂದೇನು ಎಂದು ಯೋಚಿಸುತ್ತ ಯೋಚಿಸುತ್ತ ಅಂಗಡಿಯಲ್ಲೇ ಉಳಿದವನು. ಸೀಳುಗಳ ಒಳಗೆ ಹಾಸುವ ದಪ್ಪ ಕಾಗದವನ್ನು ಅಳತೆಗೆ ಕತ್ತರಿಸುವುದು ನನ್ನ ಕೆಲಸ. ಆ ಇಬ್ಬರ ಜಗಳದಲ್ಲಿ ನಾನು ಯಾವ ಪಕ್ಷಕ್ಕೂ ಸೇರಿದವನಲ್ಲವಾದ್ದರಿಂದ ತಂಗಿ ನನಗೆ 'ಮೌನಿ ಬಾಬಾ' ಎಂದು ಹೆಸರಿಟ್ಟಿದ್ದಳು. ಹಾಡುಗಳು ನನಗೆ ಇಷ್ಟವಿಲ್ಲ ಎಂದಲ್ಲ. ನನಗೆ ಇಷ್ಟವಾಗುತ್ತಿದ್ದುದು ಹಾಡು ನಿಲ್ಲುವ ಜಾಗಗಳು. ದೋಣಿ ಹಾಡಿನಲ್ಲಿ ಅಂಥ ಒಂದು ಜಾಗವಿದೆ. 'ಆಚೆ ದಡದಲ್ಲಿ ದೀಪವ ಹಚ್ಚಿದವರಾರೋ' ಎಂದು ಕೇಳಿ ದೊಡ್ಡವರು ಸುಮ್ಮನಾಗುತ್ತಾರೆ. ಆಚೆ ದಡದಿಂದ ಯಾರಾದರೂ ಓಗೊಡುತ್ತಾರೇನೋ ಎಂಬಂತೆ ಕಾಯುತ್ತಾರೆ. ಆಮೇಲೆ ದೂರದಿಂದ ಬಂದಂತೆ ಒಂದು ಗುನುಗು ಶುರುವಾಗುತ್ತದೆ. ಅಪ್ಪನೂ ಅಲ್ಲಿ ಸುಮ್ಮನಾಗುತ್ತಿದ್ದ. ಆದರೆ ಕೈ ಸುಮ್ಮನಾಗುತ್ತಿರಲಿಲ್ಲ. ಆ ಮೌನದಲ್ಲಿ ಹಿಡಿಕೆಯ ಕಿರ್, ಕಿರ್ ಎಂಬ ಸದ್ದು ಮಾತ್ರ. ಚಿಕ್ಕವನಿದ್ದಾಗ ಆ ಸದ್ದು ಹಾಡಿನದೇ ಭಾಗ ಎಂದುಕೊಂಡಿದ್ದೆ. ಮೊದಲ ಸಲ ಬೇರೆಯವರ ಮನೆಯಲ್ಲಿ ರೇಡಿಯೋದಲ್ಲಿ ಆ ಹಾಡು ಬಂದಾಗ, ಮೌನದಲ್ಲಿ ಕಿರ್ ಕಿರ್ ಇಲ್ಲದ್ದನ್ನು ಕೇಳಿ, ಇವರ ರೇಡಿಯೋ ಕೆಟ್ಟಿದೆ ಎಂದು ಹೇಳಿ ಬಂದಿದ್ದೆ.

ಕೆಂಪು ಟೋಪಿಯವರು ನಮ್ಮ ಊರಿಗೆ ಬಂದದ್ದು ಅದೇ ಮೊದಲು. ಸಂಜೆ ಕಾರ್ಯಕ್ರಮ, ಮಾರನೆಯ ದಿನವೇ ಅವರು ಬೇರೆ ದೇಶಕ್ಕೆ. ತಂಗಿ ಬೆಳಿಗ್ಗೆಯೇ ಕೆಂಪು ಟೋಪಿ ಹಾಕಿಕೊಂಡು ಕೆಲಸಕ್ಕೆ ಇಳಿದಿದ್ದಳು. ಟಿಕೆಟ್ಟನ್ನು ಮೂರು ಸಲ ತೆಗೆದು ನೋಡಿ ಮತ್ತೆ ಒಳಗಿಟ್ಟಳು.

ಅಪ್ಪನ ಗಂಟಲು ಅವತ್ತು ಕೈಕೊಟ್ಟಿತ್ತು. ಹಿಂದಿನ ದಿನ ದೊಡ್ಡವರ ಅಭಿಮಾನಿಗಳ ಕೂಟವಿತ್ತು. ಅಪ್ಪನ ವಯಸ್ಸಿನವರೆಲ್ಲ ಸೇರಿ ಮನದಣಿಯೆ ಹಾಡಿದ್ದರು. ಅಪ್ಪ ಎಲ್ಲರಿಗಿಂತ ಮೇಲಿನ ಶ್ರುತಿ ಹಿಡಿದಿದ್ದನಂತೆ. ಈಗ ಬಾಯಿ ತೆರೆದರೆ ಪಂಚರಾದ ಟ್ಯೂಬಿನ ಸದ್ದು. ಅಮ್ಮ ಉಪ್ಪು ಹಾಕಿದ ಬಿಸಿನೀರಿನ ಲೋಟ ತಂದು ಮೇಜಿನ ಮೇಲೆ ಕುಕ್ಕಿದಳು.

"ಹಾಡಿದ್ರೋ ಇಲ್ಲ ಕಿರುಚಿದ್ರೋ?"

"ಎರಡೂ" ಎಂದು ಅಪ್ಪ ಪಿಸುಗುಟ್ಟಿದ.

ಆಗಲೇ ಸಭಾಂಗಣದ ಮ್ಯಾನೇಜರು ಬಂದದ್ದು. ಹಿಂದೆ ಕೈಗಾಡಿಯಲ್ಲಿ ಒಂದು ಮೋಟರು, ಅದರಿಂದ ಕರಿದ ರಬ್ಬರಿನಂಥ ವಾಸನೆ. ಮ್ಯಾನೇಜರು ದಪ್ಪ ಮನುಷ್ಯ. ಕರ್ಚೀಫು ಹಿಂಡಿದರೆ ನೀರು ಬರುತ್ತಿತ್ತು.

"ಮೇಸ್ತ್ರಿಗಳೇ, ನೀವೇ ಕಾಪಾಡ್ಬೇಕು. ಗಾಳಿ ಯಂತ್ರದ ಮೋಟರ್ ಹೋಯ್ತು. ನಮ್ಮ ಹಾಲ್ ನೆಲದ ಕೆಳಗಿರೋದು ನಿಮಗೆ ಗೊತ್ತಲ್ಲ, ಒಂದು ಕಿಟಕಿ ಇಲ್ಲ. ಗಾಳಿ ಇಲ್ದೇ ಬಾಗಿಲು ತೆಗೆಯೋ ಹಾಗಿಲ್ಲ ಅಂತ ಫೈರ್ ಆಫೀಸರ್ ಕೂತ್ಬಿಟ್ಟಿದಾರೆ. ಸಂಜೆಯೊಳಗೆ ಆಗ್ಲಿಲ್ಲಾಂದ್ರೆ ಶೋ ಕ್ಯಾನ್ಸಲ್."

"ಯಾವ ಶೋ?" ಎಂದು ತಂಗಿ ಕೇಳಿದಳು. ಗೊತ್ತಿದ್ದೇ ಕೇಳಿದಳು.

"ಅದೇ ಕಣಮ್ಮ, ನಿನ್ನ ತಲೆ ಮೇಲಿರೋದು."

ತಂಗಿಯ ಮುಖದ ಬಣ್ಣ ಇಳಿಯಿತು. ಅಪ್ಪ ಮೋಟರಿನ ಮುಚ್ಚಳ ಬಿಚ್ಚಿ ಒಳಗೆ ಟಾರ್ಚು ಬಿಟ್ಟ. ಕರಿಬಿದ್ದ ಕಾಯಿಲುಗಳನ್ನು ಬಿಗಿದಿದ್ದ ದಾರದ ಗಂಟನ್ನು ಉಗುರಿನಲ್ಲಿ ಕೆರೆದು ನೋಡಿ, "ನನ್ನ ಗಂಟು" ಎಂದ. ಎಷ್ಟೋ ವರ್ಷಗಳ ಹಿಂದೆ ಅವನೇ ಸುತ್ತಿಕೊಟ್ಟ ಮೋಟರದು. ಆಮೇಲೆ ಮ್ಯಾನೇಜರಿನ ಕಡೆ ತಿರುಗಿ, ಇಲ್ಲದ ದನಿಯಲ್ಲೂ ಕುಟುಕದೆ ಬಿಡಲಿಲ್ಲ. "ತಗಡು ಬಡಿಯೋಕೆ ಗಾಳಿ ಬೇರೆ ಬೇಕಾ ಅವ್ರಿಗೆ?"

ತಂಗಿ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತಳು. ಅಪ್ಪ ಅವಳನ್ನೊಮ್ಮೆ, ಟೋಪಿಯನ್ನೊಮ್ಮೆ ನೋಡಿ, ಅಂಗಿಯ ತೋಳು ಮಡಚಿದ.

"ಏನ್ ನೋಡ್ತಾ ನಿಂತಿದೀರಾ? ಬಿಚ್ಚಿ."

ಅಂಗಡಿ ಎದ್ದು ಕೂತಿತು. ಬೆಂಕಿ ತಾಗಿಸಿ ಹಳೆಯ ತಂತಿಯನ್ನು ಕಿತ್ತೆವು. ಸುಟ್ಟು ಒಂದಕ್ಕೊಂದು ಮೇಣದಂತೆ ಅಂಟಿದ್ದ ತಂತಿ ಕರಿ ಹಿಡಿದ ತುಂಡುಗಳಾಗಿ ಉದುರಿತು. ಸುತ್ತು ಎಷ್ಟಿತ್ತೆಂದು ಅದನ್ನು ನೋಡಿ ಹೇಳುವುದು ಸಾಧ್ಯವೇ ಇರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ದೋಣಿ ಹಾಡು ಎಂದು ಎಲ್ಲರಿಗೂ ಗೊತ್ತಿತ್ತು. ತಂಗಿ ಸೀಳುಗಳನ್ನು ಉಜ್ಜಿ ಹೊಳೆಯಿಸಿದಳು, ನಾನು ಕಾಗದ ಕತ್ತರಿಸಿ ಹಾಸಿದೆ, ಅಪ್ಪ ಅಚ್ಚು ಕೂರಿಸಿ, ತಂತಿ ಸಿಕ್ಕಿಸಿ, ಹಿಡಿಕೆಗೆ ಕೈಹಾಕಿ ಬಾಯಿ ತೆರೆದ.

ಉಸ್ಸೆಂದು ಗಾಳಿ ಬಂತು. ಕೈ ತಿರುಗಲಿಲ್ಲ.

ಇನ್ನೊಮ್ಮೆ ತೆರೆದ. ಬಿಸಿನೀರು ಕುಡಿದು ಮತ್ತೊಮ್ಮೆ ತೆರೆದ. ಹಿಡಿಕೆ ಅರ್ಧ ತಿರುಗಿ ನಿಂತಿತು.

"ಎಣಿಸಿ ಮೇಸ್ತ್ರಿಗಳೇ, ಎಣಿಸಿ ಸುತ್ತಿ" ಎಂದು ಮ್ಯಾನೇಜರು ಬೇಡಿಕೊಂಡರು.

"ಎಷ್ಟು ಅಂತ ಎಣಿಸ್ಲಿ?"

"ಎಷ್ಟಿರುತ್ತೆ?"

"ಯಾರಿಗೆ ಗೊತ್ತು? ಪಲ್ಲವಿ, ಚರಣ, ಗುನುಗು, ಮತ್ತೆ ಪಲ್ಲವಿ."

ಮ್ಯಾನೇಜರು ನನ್ನ ಕಡೆ ನೋಡಿದರು. ಓದಿದವನು ಏನಾದರೂ ಹೇಳಿಯಾನು ಎಂಬ ಆಸೆ. ನಾನು ಫೋನಿನಲ್ಲಿ ದೋಣಿ ಹಾಡನ್ನು ಹುಡುಕಿ ಹಾಕಿದೆ. ಪಿಟೀಲುಗಳು ಏರಿ ಇಳಿದು, ಕೊಳಲು ಬಂದು, ಹಾಡು ಶುರುವಾಗುವಷ್ಟರಲ್ಲಿ ಅಪ್ಪನ ಕೈ ಎರಡು ಸಲ ಎಡವಿತ್ತು. ಹಾಡು ಶುರುವಾದ ಮೇಲೂ ಅದು ದೊಡ್ಡವರ ನಡೆ. ನದಿಯ ಮೇಲೆ ತೇಲುವವರ ನಡೆ, ಸಂಜೆಯೊಳಗೆ ಫ್ಯಾನು ತಿರುಗಿಸಬೇಕಾದವರದಲ್ಲ.

"ನಿಲ್ಸು" ಎಂದ ಅಪ್ಪ. "ಅದು ಅವರ ಹಾಡು. ನಂಗೆ ನನ್ನ ಹಾಡು ಬೇಕು."

ನಾನು ಬಾಯಿ ಬಿಚ್ಚಿ ಹಾಡಿದವನಲ್ಲ. ಅಮ್ಮ ಮೆಟ್ಟಿಲ ಮೇಲಿಂದಲೇ ಕೈ ಆಡಿಸಿ, ತನ್ನನ್ನು ಇದಕ್ಕೆ ಎಳೆಯಬೇಡಿ ಎಂದಳು. ಆಗ ತಂಗಿ ಟೋಪಿಯನ್ನು ಮೊಳೆಗೆ ಸಿಕ್ಕಿಸಿ, ಅಪ್ಪನ ಪಕ್ಕದಲ್ಲಿ ಸ್ಟೂಲು ಎಳೆದು ಕೂತು, ಗೋಡೆ ನೋಡಿಕೊಂಡು ಹಾಡತೊಡಗಿದಳು.

ದೋಣಿ ಹಾಡು! ಮೂಗಿನ ತಾತನ ಹಾಡು!

ಹಾಡೆಂದರೆ ಅಂತಿಂಥ ಹಾಡಲ್ಲ, ಅಪ್ಪನದೇ ಹಾಡು. ಅವನೆಲ್ಲಿ ಉಸಿರು ತೆಗೆಯುತ್ತಿದ್ದನೋ ಅಲ್ಲೇ ಅವಳ ಉಸಿರು. ಅವನು ಯಾವ ಅಕ್ಷರವನ್ನು ನುಂಗುತ್ತಿದ್ದನೋ ಅದೇ ಅಕ್ಷರವನ್ನು ಅವಳೂ ನುಂಗಿದಳು. ಒಂದು ಸಾಲಿನ ಕೊನೆಗೆ ಅಪ್ಪನಿಗೆ ಅಭ್ಯಾಸವಾಗಿದ್ದ ಸಣ್ಣ ಕೆಮ್ಮನ್ನೂ ಬಿಡಲಿಲ್ಲ. ಕಲಿಯುವುದಕ್ಕಿಂತ ಕೈ ಮುರಿದುಕೊಳ್ಳುತ್ತೇನೆ ಎಂದವಳಿಗೆ ತೊಟ್ಟಿಲಲ್ಲೇ ಕಲಿತು ಮುಗಿದಿತ್ತು. ಅಪ್ಪನ ಕೈ ನುಣ್ಣಗೆ ತಿರುಗತೊಡಗಿತು. ಕಿರ್, ಕಿರ್, ಕಿರ್. ತಂತಿ ಹೊಳೆಯುತ್ತ ಅಚ್ಚಿನ ಮೇಲೆ ಏರಿತು. ನಾನು ಮನಸ್ಸಿನಲ್ಲೇ ಸುತ್ತು ಎಣಿಸಲು ಹೊರಟೆ. ಹಾಡು ಕಿವಿಗೆ ಬಿದ್ದಮೇಲೆ ಎಣಿಕೆ ಎಲ್ಲಿ ನಿಲ್ಲುತ್ತದೆ? ಕರಗಿಹೋಯಿತು. ಮ್ಯಾನೇಜರು ಕುರ್ಚಿಯ ಕೈಮೇಲೆ ತಾಳ ಹಾಕುತ್ತಿದ್ದರು. ಬೀದಿಯಲ್ಲಿ ಹೋಗುತ್ತಿದ್ದವರು ನಿಂತು ಇಣುಕಿದರು.

"ಅಯ್ಯೋ ಇವಳ!" ಎಂದು ಅಮ್ಮ ಎರಡು ಮೆಟ್ಟಿಲು ಕೆಳಗಿಳಿದು ಬಂದಳು. "ಅಪ್ಪನ ಕೆಮ್ಮೂ ಕಲ್ತುಬಿಟ್ಟಿದಾಳಲ್ರೀ!"

ಒಂದೊಂದು ಕಾಯಿಲ್ ಮುಗಿದಂತೆ ತಂಗಿಯ ದನಿ ಬಿಚ್ಚಿಕೊಂಡಿತು. ಮೂರು ತಂತಿಯಲ್ಲಿ ಬರುವ ಕರೆಂಟಿಗೆ ಕಾಯಿಲುಗಳದ್ದೂ ಮೂರು ಗುಂಪು, ಅದರಲ್ಲಿ ಎರಡು ಮುಗಿದಿದ್ದವು. ಅಷ್ಟರಲ್ಲಿ ಬೀದಿಯಲ್ಲಿ ಗಲಾಟೆ ಕೇಳಿಸಿತು. ಕೆಂಪು ಟೋಪಿ ಹಾಕಿದ ಹುಡುಗ ಹುಡುಗಿಯರ ದೊಡ್ಡ ಗುಂಪು ಡಬ್ಬ ಬಡಿಯುತ್ತ, ಕುಣಿಯುತ್ತ ಸಭಾಂಗಣದ ಕಡೆ ಹೊರಟಿತ್ತು. ಯಾರೋ ತಂಗಿಯ ಗೆಳತಿ ಬಾಗಿಲಲ್ಲಿ ಇಣುಕಿ, "ಲೇ, ಬರಲ್ವೇನೇ?" ಎಂದು ಕೂಗಿದಳು. "ನಾನು ಬಂದ್ರೇನೇ ಕಣೇ ನಿಮಗೆಲ್ಲ ಉಸಿರು!" ಎಂದು ತಂಗಿ ಕೂಗಿ ಹೇಳಿ, ನಗುತ್ತ ಕೊನೆಯ ಗುಂಪಿನ ಕಾಯಿಲುಗಳಿಗೆ ಹಾಡು ಎತ್ತಿಕೊಂಡಳು. ಅವಳ ಹಿಮ್ಮಡಿ ನೆಲ ಬಡಿಯುತ್ತಿತ್ತು. ಅಪ್ಪನ ಕೈಗೂ ಹುರುಪು ಬಂದಿತ್ತು. ನಾನು ಕಾಗದದ ಕೊನೆಯ ಪಟ್ಟಿ ಕತ್ತರಿಸುತ್ತಿದ್ದೆ.

ತಂಗಿಯ ಬೆರಳುಗಳು ಕಾಯಿಲುಗಳನ್ನು ಒಂದೊಂದಾಗಿ ಸೀಳಿಗೆ ಇಳಿಸಿದವು. ಅಪ್ಪ ತುದಿಗಳನ್ನು ಜೋಡಿಸಿದ. ವಾರ್ನಿಷ್ ಹಾಕುವ ಮೊದಲು ಒಮ್ಮೆ ಓಡಿಸಿ ನೋಡುವುದು ವಾಡಿಕೆ. ಮ್ಯಾನೇಜರು ಕೈ ಜೋಡಿಸಿ ನಿಂತರು. ಅಪ್ಪ ಸ್ವಿಚ್ಚು ಒತ್ತಿದ.

ಮೋಟರು ತಿರುಗಿತು. ಆದರೆ ಗುರ್ರೆನ್ನುತ್ತ ತಿರುಗಿತು, ಮಲಗಿದ್ದಾಗ ಎಬ್ಬಿಸಿದ ನಾಯಿಯ ಹಾಗೆ. ಅಪ್ಪ ಮೂರು ತಂತಿಗಳಿಗೂ ಒಂದೊಂದಾಗಿ ಮೀಟರು ಹಿಡಿದ. ಎರಡು ಸಮವಾಗಿದ್ದವು. ಮೂರನೆಯದು ಹೊಟ್ಟೆಬಾಕನಂತೆ ಕುಡಿಯುತ್ತಿತ್ತು. ಸ್ವಿಚ್ಚು ಆರಿಸಿದ.

ಮೌನವೆಂದರೆ ನನಗೆ ಪ್ರೀತಿ. ಆದರೆ ಆಗ ಅಂಗಡಿಯಲ್ಲಿ ಬಿದ್ದ ಮೌನ ನನಗೆ ಬೇಡವಾಗಿತ್ತು.

"ಕೊನೇ ಗುಂಪು" ಎಂದು ಅಪ್ಪ ಪಿಸುಗುಟ್ಟಿದ. "ಸುತ್ತು ಕಡಿಮೆ ಬಿದ್ದಿದೆ."

"ನಾನು ಪೂರ್ತಿ ಹಾಡಿದೀನಿ!"

"ಮತ್ತೆ ತಂತಿ ಏನ್ ಹಾರಿ ಹೋಯ್ತಾ?"

"ಹಿಡಿಕೆ ತಿರುಗಿಸಿದ್ದು ನೀನು ತಾನೇ?"

"ನಾನು ನಿನ್ನ ಬಾಯಿ ನೋಡ್ಕೊಂಡು ತಿರುಗಿಸ್ದೆ! ಜೀವಮಾನದಲ್ಲಿ ಮೊದಲ ಸಲ!"

ಒಬ್ಬರದು ಪಿಸುಮಾತು, ಇನ್ನೊಬ್ಬರದು ಅಳು ಬೆರೆತ ಕೂಗು. ಮ್ಯಾನೇಜರಿನ ಫೋನು ಬಡಿದುಕೊಳ್ಳುತ್ತಿತ್ತು. "ಆಗ್ತಾ ಇದೆ ಸಾರ್, ಆಗೇ ಹೋಯ್ತು ಅಂತಿಟ್ಕೊಳ್ಳಿ" ಎನ್ನುತ್ತ ಅವರು ಹೊರಗೆ ಓಡಿದರು. ತಂಗಿ ಮೊಳೆಯ ಮೇಲಿದ್ದ ಟೋಪಿಯ ಕಡೆ ನೋಡದಿರಲು ಒದ್ದಾಡುತ್ತಿದ್ದಳು. ಹಾಡು ಸರಿ, ಕೈ ಸರಿ, ಸುತ್ತು ಮಾತ್ರ ಕಡಿಮೆ. ಎಲ್ಲಿ ತಪ್ಪಿತೆಂದು ತಿಳಿಯದೆ ಮತ್ತೆ ಸುತ್ತಿದರೆ ಮತ್ತೆ ಅದೇ ತಪ್ಪು.

ನನ್ನ ತಲೆಯಲ್ಲಿ ಏನೋ ಕೊರೆಯುತ್ತಿತ್ತು. ಕೊನೆಯ ಗುಂಪು ಸುತ್ತುವಾಗ ನಾನು ಕಾಗದ ಕತ್ತರಿಸುತ್ತಿದ್ದೆ, ನಿಜ. ಆದರೆ ಪ್ರತಿ ಸಲ ಆ ಮೌನ ಬಂದಾಗ ನನ್ನ ಕತ್ತರಿ ತಾನಾಗಿ ನಿಲ್ಲುತ್ತದೆ, ಚಿಕ್ಕಂದಿನ ಅಭ್ಯಾಸ. ಕೊನೆಯ ಗುಂಪಿನಲ್ಲಿ ನನ್ನ ಕತ್ತರಿ ಎಲ್ಲೂ ನಿಂತಿರಲಿಲ್ಲ.

"ಇನ್ನೊಂದ್ಸಲ ಹಾಡು" ಎಂದೆ.

ಇಬ್ಬರೂ ತಿರುಗಿ ನೋಡಿದರು. ಮೇಜೇ ಮಾತಾಡಿತೇನೋ ಎಂಬಂತೆ.

"ಕೊನೆಗೆ ಹಾಡ್ದೆಯಲ್ಲ, ಹಾಗೇ. ಕಾಲು ಬಡೀತಿದ್ದೆಯಲ್ಲ, ಅದನ್ನೂ ಬಡಿ."

ಅವಳು ಮೂಗೊರೆಸಿಕೊಂಡು, ಹಿಮ್ಮಡಿ ಬಡಿಯುತ್ತ ಚರಣ ಹಾಡಿದಳು. 'ಆಚೆ ದಡದಲ್ಲಿ ದೀಪವ ಹಚ್ಚಿದವರಾರೋ' ಎಂದಳು. ಎಂದವಳೇ ಉಸಿರೂ ಬಿಡದೆ ಗುನುಗಿಗೆ ಹಾರಿದಳು.

"ಅಲ್ಲೇ!" ನಾನು ಕೂಗಿಬಿಟ್ಟೆ. ನನ್ನ ದನಿ ಅಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ. "ನೀನು ಕಾಯಲಿಲ್ಲ. ಕೇಳಿ ಕಾಯ್ಬೇಕು. ಆ ಕಾಯೋದ್ರಲ್ಲಿ ಅಪ್ಪನ ಕೈ ಸುತ್ತುತ್ತೆ. ಆ ಸುತ್ತುಗಳೇ ಹೋಗಿರೋದು!"

ಅಪ್ಪ ತನ್ನ ಬಲಗೈಯನ್ನೇ ಎತ್ತಿ ನೋಡಿಕೊಂಡ. ಮೌನದಲ್ಲೂ ಕೈ ಸುತ್ತುತ್ತದೆ ಎಂಬುದು ಅವನಿಗೇ ತಿಳಿದಿರಲಿಲ್ಲವೇನೋ. ಆಮೇಲೆ ಹುಬ್ಬು ಗಂಟಿಕ್ಕಿ ತಂಗಿಯನ್ನು ಕೇಳಿದ.

"ಮೊದಲಿನವಕ್ಕೆಲ್ಲ ಸರಿಯಾಗಿ ಕಾದೆ. ಕೊನೆಗೆ ಯಾಕೆ ಹಾರ್ದೆ?"

"ಗೊತ್ತಿಲ್ಲಪ್ಪಾ. ಬೀದೀಲಿ ಅವರು ಬಡೀತಿದ್ರಲ್ಲ, ಬಾಯಿಗೆ ಹಾಗೇ ಬಂತು. ನಮ್ಮ ಹಾಡಲ್ಲಿ ಹಾಗೇ ಬರೋದು."

"ಯಾವ ನಿಮ್ಮ ಹಾಡು?"

ಅವಳು ಫೋನು ತೆಗೆದು ಕೆಂಪು ಟೋಪಿಯವರ ಅತಿ ದೊಡ್ಡ ಹಾಡನ್ನು ಹಾಕಿದಳು. ಊರಿನ ಪ್ರತಿ ಆಟೋದಲ್ಲೂ ಕೇಳುವ ಹಾಡು. ಢಮಢಮ ಎಂದು ಡ್ರಮ್ಮು, ಅದರ ಮೇಲೆ ಗಾಯಕಿಯ ಗುನುಗು. ಎಷ್ಟು ಸಲ ಕೇಳಿದ್ದೆನೋ! ಈಗ ಮೊದಲ ಸಲ ಡ್ರಮ್ಮು ಬಿಟ್ಟು ಕೇಳಿದೆ. ಅದು ದೋಣಿ ಹಾಡಿನ ಗುನುಗು. ಅದೇ ಏರು, ಅದೇ ಇಳಿತ, ಕೊನೆಗೆ ಅದೇ ಸಣ್ಣ ನಡುಕ. ಅದಕ್ಕೆ ಮುಂಚಿನ ಮೌನವೊಂದಿಲ್ಲ, ಅಷ್ಟೆ.

ಅಪ್ಪ ಸ್ಟೂಲಿನಿಂದ ಎದ್ದುಬಿಟ್ಟ. "ದೊಡ್ಡವರದು! ಕದ್ದಿದಾರೆ!"

"ಕದಿಯೋದಾದ್ರೆ ಮೂಗಿನ ತಾತನ ಮನೆಗ್ಯಾಕೆ ಕನ್ನ ಹಾಕ್ತಾರಪ್ಪ?"

"ಸರಿಯಾಗಿ ಕೇಳೇ! ಮೂಗೂ ಅವರದೇ!"

ತಂಗಿ ಫೋನನ್ನು ಕಿವಿಗೆ ಒತ್ತಿಕೊಂಡಳು. ಅವಳ ಬಾಯಿ ಮೆಲ್ಲಗೆ ತೆರೆಯಿತು. ಅಷ್ಟು ದಿನ ಪೂಜಿಸಿದ ಆ ದನಿ ಮೂಗಿನಿಂದಲೇ ಬರುತ್ತಿತ್ತು. ಒಮ್ಮೆ ಕೇಳಿಸಿದ ಮೇಲೆ ಅವಳು ಇನ್ನು ಇಲ್ಲವೆನ್ನುವಂತಿರಲಿಲ್ಲ. ಅವಳು ಅಪ್ಪನನ್ನು ನೋಡಿದಳು, ಅಪ್ಪ ಅವಳನ್ನು ನೋಡಿದ. ಇಬ್ಬರಿಗೂ ಒಟ್ಟಿಗೆ ನಗು ಬಂತು. ಅಪ್ಪನ ನಗುವಿಗೆ ಸದ್ದೇ ಇರಲಿಲ್ಲವಾದ್ದರಿಂದ ಭುಜಗಳು ಮಾತ್ರ ಕುಣಿದವು.

"ಮೂಗು ಯಾರದ್ದಾದ್ರೂ ಆಗ್ಲಿ" ಎಂದು ಅಮ್ಮ ಮೆಟ್ಟಿಲಿಂದ ಗುಡುಗಿದಳು. "ಮೊದ್ಲು ಆ ದೋಣೀನ ದಡ ಸೇರ್ಸಿ!"

ಕೊನೆಯ ಗುಂಪು ಮೇಲೆಯೇ ಇದ್ದುದರಿಂದ ಬಿಚ್ಚುವುದು ಸುಲಭವಾಯಿತು. ಅಪ್ಪ ಹೊಸ ತಂತಿ ಸಿಕ್ಕಿಸಿದ. ತಂಗಿಗೆ ತನ್ನ ಮೇಲೇ ನಂಬಿಕೆ ಹೋಗಿತ್ತು.

"ಮತ್ತೆ ಹಾರಿಬಿಟ್ರೆ? ಬೀದೀಲಿ ಇನ್ನೂ ಬಡೀತಿದಾರೆ."

"ನೀನು ನನ್ನ ಕೈ ನೋಡು" ಎಂದೆ. "ಇಳಿಸೋವರೆಗೂ ಬಾಯಿ ಬಿಡ್ಬೇಡ."

ಅವಳು ಹಾಡಿದಳು, ಅಪ್ಪ ತಿರುಗಿಸಿದ, ನಾನು ಎದುರು ನಿಂತೆ. 'ಹಚ್ಚಿದವರಾರೋ' ಎಂಬಲ್ಲಿ ಕೈ ಎತ್ತಿದೆ. ಕಿರ್, ಕಿರ್. ಬೀದಿಯ ಡಬ್ಬಗಳು ಎಲ್ಲೋ ದೂರ ಹೋದವು. ಕಿರ್, ಕಿರ್. ತಂಗಿಯ ಕಣ್ಣು ನನ್ನ ಬೆರಳ ಮೇಲೆ, ಅವಳ ತುಟಿ ಬಿಗಿದಿತ್ತು. ಫೋನು ಮುಗಿಸಿ ಬಂದ ಮ್ಯಾನೇಜರು ಬಾಗಿಲಲ್ಲೇ ನಿಂತಿದ್ದರು. ಚಿಕ್ಕಂದಿನಿಂದ ನಾನು ವಾಸವಾಗಿದ್ದ ಆ ಮೌನದ ಗೋಡೆ ಎಲ್ಲಿ ಮುಗಿಯುತ್ತದೆಂದು ನನಗೆ ಕತ್ತಲಲ್ಲೂ ಗೊತ್ತು. ಕೈ ಇಳಿಸಿದೆ. ಗುನುಗು ಎದ್ದು ಬಂತು.

ಮತ್ತೆ ಸ್ವಿಚ್ಚು ಒತ್ತಿದಾಗ ಮೋಟರು ಗುರುಗುಟ್ಟಲಿಲ್ಲ. ಒಂದೇ ಎಳೆಯ ಸದ್ದು, ಬೆಣ್ಣೆಯಂತೆ. ಮೂರು ತಂತಿಯಲ್ಲೂ ಮೀಟರಿನ ಮುಳ್ಳು ಒಂದೇ ಕಡೆ ನಿಂತಿತು. ಮ್ಯಾನೇಜರು ಅಪ್ಪನನ್ನು ತಬ್ಬಿಕೊಂಡರು. ಅಪ್ಪನ ಅಂಗಿ ಒದ್ದೆಯಾಯಿತು.

ಬೇಗ ಒಣಗುವ ವಾರ್ನಿಷ್ ಹಾಕಿ, ಬಿಸಿ ಗಾಳಿ ಹಿಡಿದು, ಅದಿನ್ನೂ ಬೆರಳಿಗೆ ಅಂಟುತ್ತಿರುವಾಗಲೇ ಕೈಗಾಡಿಗೆ ಏರಿಸಿದೆವು. ಮುಂದೆ ಮ್ಯಾನೇಜರು, "ಜಾಗ, ಜಾಗ!" ಎನ್ನುತ್ತ ಓಡುತ್ತಿದ್ದರು. ಮೊಳೆಯ ಮೇಲಿದ್ದ ಟೋಪಿ ಎಳೆದುಕೊಂಡು ಬಂದ ತಂಗಿ ಮತ್ತು ನಾನು ಗಾಡಿಯನ್ನು ತಳ್ಳಿದೆವು. ಹಿಂದೆ ಅಪ್ಪ, ಸ್ಪ್ಯಾನರುಗಳ ಚೀಲ ಹೆಗಲಿಗೆ ಹಾಕಿಕೊಂಡು. ಬಾಗಿಲು ತೆರೆಯದ್ದಕ್ಕೆ ಗೊಣಗುತ್ತ ನಿಂತಿದ್ದ ಜನ ಮೋಟರನ್ನು ಕಂಡು ಕೇಕೆ ಹಾಕಿ ದಾರಿ ಬಿಟ್ಟರು. ಯಾರೋ ಅದಕ್ಕೊಂದು ಕೆಂಪು ಟೋಪಿ ತೊಡಿಸಿದರು.

ಅಪ್ಪ ಮೋಟರನ್ನು ಕೂರಿಸಿ ಬೋಲ್ಟು ಬಿಗಿದ. ಗಾಳಿ ಬೀಸಿತು. ಫೈರ್ ಆಫೀಸರು ಜಾಲರಿಯ ಮುಂದೆ ಮುಖವೊಡ್ಡಿ, ಕಣ್ಣು ಮುಚ್ಚಿ, ತಲೆಯಾಡಿಸಿದರು. ಬಾಗಿಲು ತೆರೆಯಿತು. ಚೀಲ ಎತ್ತಿಕೊಂಡು ಮನೆಗೆ ಹೊರಟ ಅಪ್ಪನನ್ನು ತಂಗಿ ತೋಳು ಹಿಡಿದು ನಿಲ್ಲಿಸಿದಳು.

"ಎಲ್ಲಿಗೆ? ಮೋಟರ್ ಬಿಸಿ ಆಗುತ್ತೋ ಇಲ್ವೋ ನೋಡೋರ್ಯಾರು?"

"ಹೂಂ. ಅದೂ ಸರಿ" ಎಂದ ಅಪ್ಪ, ಅದಷ್ಟೇ ಕಾರಣವೆಂಬಂತೆ. ಮೂವರೂ ಹಿಂದಿನ ಗೋಡೆಗೆ, ಗಾಳಿ ಯಂತ್ರದ ಜಾಲರಿಗೆ ಒರಗಿ ನಿಂತೆವು.

ಕೆಂಪು ಟೋಪಿಯವರು ಬಂದರು. ನೆಲ ನಡುಗಿತು, ನನ್ನ ಪಕ್ಕೆಲುಬೂ. ಅಪ್ಪ ಎರಡು ಕಿವಿಗೂ ಬೆರಳಿಟ್ಟುಕೊಂಡು, ಆದರೆ ಕಣ್ಣು ಅಗಲಿಸಿ ನೋಡುತ್ತಿದ್ದ. ತಂಗಿ ಹಾರುತ್ತಿದ್ದಳು. ಅವಳ ಮುಖದ ಮೇಲೆ ಕೆಂಪು, ನೀಲಿ, ಹಳದಿ ಬೆಳಕು ಓಡಾಡಿತು. ಕೊನೆಗೆ ಆ ದೊಡ್ಡ ಹಾಡಿನ ಸರದಿ ಬಂತು. ಗಾಯಕಿ ಮೈಕು ಹಿಡಿದು ಉಸಿರು ತಿರುಗಿಸಿಕೊಂಡಳು.

"ಈ ಹಾಡಿನ ಮೊದಲ ಗುನುಗು ಇದೆಯಲ್ಲ, ಅದು ನನ್ನದಲ್ಲ" ಎಂದಳು. "ನಮ್ಮಜ್ಜ ಗಡ್ಡ ಹೆರೆಯೋವಾಗ ಗುನುಗ್ತಾ ಇದ್ರು. ಯಾರದು ಅಂತ ಕೇಳೋಕೆ ಮೊದ್ಲೇ ಹೋಗ್ಬಿಟ್ರು. ನಿಮ್ಮಲ್ಲಿ ಯಾರಿಗಾದ್ರೂ ಗೊತ್ತಾ?"

ಅಪ್ಪ ಗೋಡೆ ಬಿಟ್ಟು ಮುಂದೆ ಬಂದ. ಕುತ್ತಿಗೆಯ ನರ ಉಬ್ಬಿಸಿ, ಎರಡೂ ಕೈ ಬಾಯಿಗೆ ಅಡ್ಡ ಹಿಡಿದು ಕೂಗಿದ. ಉಸ್ಸೆಂಬ ಗಾಳಿ ಹೊರಟು, ಪಕ್ಕದಲ್ಲಿದ್ದ ನನ್ನನ್ನೂ ಪೂರ್ತಿ ಮುಟ್ಟಲಿಲ್ಲ. ಮತ್ತೆ ಕೂಗಿದ. ಅವನ ಕಣ್ಣಲ್ಲಿ ನೀರು ಬಂತು. ಜೀವಮಾನವಿಡೀ ಕಾದ ಪ್ರಶ್ನೆ ಬಂದಾಗಲೇ ದನಿ ಇಲ್ಲ.

"ದೊಡ್ಡವರದು!" ಎಂದು ತಂಗಿ ಕಿರುಚಿದಳು.

ಸಭಾಂಗಣವೆಲ್ಲ ಹಿಂದಕ್ಕೆ ತಿರುಗಿತು. ಗಾಯಕಿ ಹಣೆಗೆ ಕೈಯಡ್ಡ ಹಿಡಿದು ಹುಡುಕಿದಳು. "ಯಾವ ದೊಡ್ಡವರು?"

ತಂಗಿ ಒಂದು ಕ್ಷಣ ಅಪ್ಪನ ಮುಖ ನೋಡಿದಳು. ಅಪ್ಪ ತಲೆಯಾಡಿಸಿದ. ಅವಳು ನಮ್ಮ ಅಂಗಡಿಯಲ್ಲಿ ಯಾರೂ ಉಚ್ಚರಿಸದ ಆ ಹೆಸರನ್ನು, ಪೂರ್ತಿ ಹೆಸರನ್ನು, ಗೋಡೆಗೆ ಬಡಿದು ಮರಳುವಂತೆ ಕೂಗಿ ಹೇಳಿದಳು. ಬಾಗಿಲ ಕಾವಲಿನವನು ಸಿಳ್ಳೆ ಹಾಕಿದ. ಫೈರ್ ಆಫೀಸರು ಟೋಪಿ ಎತ್ತಿ ಬೀಸಿದರು. ಮಕ್ಕಳನ್ನು ಕರೆತಂದು ಬೇಸರದಿಂದ ನಿಂತಿದ್ದ ಅಪ್ಪ ಅಮ್ಮಂದಿರೆಲ್ಲ ಒಮ್ಮೆಲೆ ಕೂಗಿದರು.

"ಹಾಡು ಹೇಗಿದೆ? ಹಾಡಿ, ಹಾಡಿ!" ಗಾಯಕಿ ಡ್ರಮ್ಮಿನವನಿಗೆ ಸುಮ್ಮನಿರಲು ಸನ್ನೆ ಮಾಡಿದಳು.

ತಂಗಿ ಹಾಡಿದಳು. ಮೈಕಿಲ್ಲ, ವಾದ್ಯವಿಲ್ಲ. ವಾರ್ನಿಷ್ ಮೆತ್ತಿದ ಕೈಯಲ್ಲಿ ಟೋಪಿ ಹಿಂಡುತ್ತ, ಅಪ್ಪನ ಉಸಿರಲ್ಲಿ, ಅಪ್ಪನ ಕೆಮ್ಮಿನ ಸಮೇತ. 'ಆಚೆ ದಡದಲ್ಲಿ ದೀಪವ ಹಚ್ಚಿದವರಾರೋ' ಎಂದು ಕೇಳಿ ನಿಲ್ಲಿಸಿ, ವೇದಿಕೆಯ ಕಡೆ ನೋಡಿದಳು.

ಅಷ್ಟು ಜನರ ನಡುವೆ ಅಂಥ ಮೌನವನ್ನು ನಾನು ಕೇಳಿದ್ದಿಲ್ಲ. ಬೆನ್ನ ಹಿಂದೆ ಗಾಳಿ ಯಂತ್ರ ಒಂದೇ ಎಳೆಯಲ್ಲಿ ತಿರುಗುವ ಸದ್ದು ಮಾತ್ರ. ಪಕ್ಕದಲ್ಲಿ ಅಪ್ಪನ ಬಲಗೈ, ಹಿಡಿಕೆಯೇ ಇಲ್ಲದೆ, ಹೊಟ್ಟೆಯ ಹತ್ತಿರ ಮೆಲ್ಲಗೆ ಸುತ್ತುತ್ತಿತ್ತು. ಸುತ್ತಿ ಸುತ್ತಿ, ನಿಲ್ಲಬೇಕಾದಲ್ಲಿ ನಿಂತಿತು. ವೇದಿಕೆಯಿಂದ ಇನ್ನೂ ಗುನುಗು ಬರಲಿಲ್ಲ. ಅಪ್ಪನ ಕೈ ತಡೆಯಲಾರದೆ ಇನ್ನೊಂದು ಸುತ್ತು ಸುತ್ತಿತು. ಆಗ ಕೆಂಪು ಟೋಪಿಯ ಹುಡುಗಿ ಕಣ್ಣು ಮುಚ್ಚಿ, ಮೂಗಿನಲ್ಲಿ, ಓಗೊಟ್ಟಳು.

ಸಭಾಂಗಣ ಸಿಡಿಯಿತು. ಡ್ರಮ್ಮಿಗೆ ಪೆಟ್ಟು ಬಿತ್ತು, ಅಪ್ಪನ ಬೆರಳುಗಳು ಮತ್ತೆ ಕಿವಿಗೆ ಹೋದವು. ತಂಗಿ ಅಪ್ಪನ ಕೊರಳಿಗೆ ಜೋತುಬಿದ್ದು ಹಾರುತ್ತಿದ್ದಳು. ಅಪ್ಪ ನನ್ನ ಕಿವಿಗೆ ಬಾಯಿ ಹಚ್ಚಿ ಪಿಸುಗುಟ್ಟಿದ.

"ಒಂದು ಸುತ್ತು ಜಾಸ್ತಿ ಆಯ್ತು."

"ತೊಂದ್ರೆ ಇಲ್ವಾ?"

"ಜಾಸ್ತಿ ಆದ್ರೆ ಸುಡಲ್ಲ, ಬಿಡು" ಎಂದು, ಕಿವಿಯಿಂದ ಬೆರಳು ತೆಗೆದ.